ಬರಿ ನೆಲ

ಡೆವೆಂಟರ್ ಊರಲ್ಲಿ ಬಾಡಿಗೆಮನೆ ಬಿಡುವವರು
ನೆಲವನ್ನೂ ಕಿತ್ತುಕೊಂಡು ಹೋಗುತ್ತಾರೆ.
ಹಾಸುಹಲಗೆ ಅವರದು, ದೀಪ ಅವರದು, ಪರದೆ ಅವರದು;
ಹೊಸಬರಿಗೆ ಉಳಿಯುವುದು ಸಿಮೆಂಟು,
ಸೂರಿನಿಂದ ಇಳಿಬಿದ್ದ ಎರಡೆಳೆ ವೈರು.

ವಿಟ್ಸ್ಕೆ ಆ ಸಿಮೆಂಟಿನ ಮೇಲೆ
ಉಣ್ಣೆಯ ಕಾಲುಚೀಲದಲ್ಲಿ ಎರಡು ಚಳಿಗಾಲ ಕಳೆದಳು.
ಹಲಗೆಗೆ ದುಡ್ಡಿರಲಿಲ್ಲವೆಂದಲ್ಲ.
ಕರಾರಿನ ಮೊದಲ ಸಾಲಲ್ಲೇ ಇತ್ತು: ತಾತ್ಕಾಲಿಕ.
ತಾತ್ಕಾಲಿಕಕ್ಕೆ ಯಾರು ಮೊಳೆ ಹೊಡೆದಾರು?
ಮಗ ಯೆಲ್ಲೆ ಮಾತ್ರ ಸೀಮೆಸುಣ್ಣ ಹಿಡಿದು
ಒಲೆಯ ಬುಡದಿಂದ ಮಂಚದ ತನಕ
ರೈಲುಹಳಿ ಬರೆದ. ಅವಳು ಒರೆಸಲಿಲ್ಲ.

ಅವಧಿಗೆ ಹನ್ನೆರಡು ದಿನ ಉಳಿದಿರುವಾಗ
ಮಾಲೀಕ ಸ್ಟೋಲ್ವೈಕ್ ಸೈಕಲ್ಲಲ್ಲಿ ಬಂದ,
ತೊಯ್ದ ಕೋಟು, ತೋಯದ ಕಾಗದ.
"ಇನ್ನೊಂದು ವರ್ಷ. ತಾತ್ಕಾಲಿಕ. ಇಲ್ಲಿ ಸಹಿ.
ಬೇರೆಯವರಾಗಿದ್ದರೆ ಕೊಡುತ್ತಿರಲಿಲ್ಲ."
ಸಹಿ ಹಾಕಿದಳು. ಕಾಫಿ ಕೊಟ್ಟಳು,
ಜೊತೆಗೆ ಒಂದು, ಒಂದೇ, ಬಿಸ್ಕತ್ತು.

ಆ ವರ್ಷವೂ ಕರಗಿತು. ಈ ಸಲ ಅಂಚೆಯಲ್ಲಿ ಪತ್ರ:
ತಿಂಗಳ ಕೊನೆಗೆ ಬೀಗದಕೈ ಒಪ್ಪಿಸತಕ್ಕದ್ದು.

ಉಚಿತ ಕಾನೂನು ಸಲಹೆಯ ಕಚೇರಿಯಲ್ಲಿ
ಗುಲ್ಸುಮ್ ಎಂಬಾಕೆ ಎರಡೂ ಕರಾರು ಪಕ್ಕಪಕ್ಕ ಇಟ್ಟು
ಕನ್ನಡಕ ಹಣೆಗೇರಿಸಿ ಓದಿದಳು.
"ಮೊದಲನೆಯದು ಮುಗಿಯುತ್ತದೆಂದು ಬರೆದು ತಿಳಿಸಬೇಕಿತ್ತು,
ಮೂರು ತಿಂಗಳಿಗಿಂತ ಮುಂಚೆಯಲ್ಲ,
ಒಂದು ತಿಂಗಳಿಗಿಂತ ತಡವೂ ಅಲ್ಲ. ತಿಳಿಸಿದರೆ?"
"ಇಲ್ಲ. ಬಿಸ್ಕತ್ತು ತಿಂದರು."
"ನಿಮ್ಮದು ಹಳೆಯ ಕಾಯಿದೆಯ ಕರಾರು.
ಅಲ್ಲಿ ತಾತ್ಕಾಲಿಕ ಅನ್ನುವುದು ಒಂದೇ ಸಲ.
ಎರಡನೆಯ ಕಾಗದಕ್ಕೆ ಏನೇ ಹೆಸರಿಟ್ಟಿರಲಿ, ಅದು ಕಾಯಂ."

ನಮ್ಮ ಶಾಲೆಯಲ್ಲಿ ಇದಕ್ಕೆ ಲೋಪಸಂಧಿ ಎನ್ನುತ್ತಿದ್ದರು:
ಪದಕ್ಕೆ ಪದ ಕೂಡುವಲ್ಲಿ
ಒಂದು ಸ್ವರ ಸದ್ದಿಲ್ಲದೆ ಬಿದ್ದುಹೋಗುತ್ತದೆ.
ಮಾಲೀಕನಿಗೆ ಆ ವ್ಯಾಕರಣ ಗೊತ್ತಿರಲಿಲ್ಲ,
ಅಥವಾ ಗೊತ್ತಿತ್ತು.
ಅವಳಿಗಂತೂ ಇಲ್ಲ.
ಇಡೀ ಒಂದು ವರ್ಷ ಅವಳು ಕಾಯಂ ಆಗಿದ್ದಳು,
ಪುಸ್ತಕದ ಪೆಟ್ಟಿಗೆಗಳನ್ನು ಬಿಚ್ಚದೆ,
ಗೋಡೆಗೆ ಒಂದು ಗಡಿಯಾರ ತೂಗುಹಾಕದೆ,
ಬೆಳಗಾದರೆ ದಿನ ಎಣಿಸುತ್ತ.

ಅದಕ್ಕೇ ಗೆದ್ದ ಸುದ್ದಿ ಕೇಳಿ ಮೊದಲು ಬಂದದ್ದು
ನಗುವಲ್ಲ, ಸಿಟ್ಟು.

ಸ್ಟೋಲ್ವೈಕ್ ಈಗ ಎದುರಾದರೆ
ಐಸೆಲ್ ನದಿಯ ನೀರಿನ ಮಟ್ಟ ನೋಡುತ್ತಾನೆ.

ಶನಿವಾರ ಎರವಲು ತಂದ ಪೆಟ್ಟಿಗೆ ಸೈಕಲ್ಲಲ್ಲಿ
ಓಕ್ ಬಣ್ಣದ ಹಲಗೆ ಬಂತು, ಹನ್ನೊಂದು ಕಟ್ಟು.
ಕಡಿದಾದ ಮೆಟ್ಟಿಲು, ಮೂರು ಅಂತಸ್ತು.
ಮೊದಲ ಹಲಗೆ ಒಲೆಯ ಬುಡ ಮುಟ್ಟಿದಾಗ
ಯೆಲ್ಲೆ ಅಡ್ಡ ನಿಂತ:
"ನನ್ನ ರೈಲು?"

ಮಂಡಿಯೂರಿದ್ದವಳು ತಲೆಯೆತ್ತದೆ ಹೇಳಿದಳು:
"ಸುರಂಗದಲ್ಲಿದೆ. ಸುತ್ತಿಗೆ ಕೊಡು."