ಚಿಲ್ಲರೆ ದೊರೆಗಳು

ಹಗಲೆಲ್ಲ ಹಲ್ಲು ಕಟ್ಟುವ ಕೆಲಸ ನನ್ನದು.
ಮಿತ್ರೋವಿತ್ಸಾದ ಅರ್ಧ ಊರು
ನಾನು ಎರಕ ಹೊಯ್ದ ಹಲ್ಲಲ್ಲಿ ನಗುತ್ತದೆ.
ರಾತ್ರಿ ಅದೇ ದೀಪ, ಅದೇ ಭೂತಗನ್ನಡಿ,
ಅದೇ ಸೂಜಿಮೊನೆಯ ಕೊಕ್ಕೆ;
ಒಸಡಿನ ಜಾಗದಲ್ಲಿ ಮಣ್ಣು.

ಸ್ತಾನಿಮಿರ್ ತರುತ್ತಾನೆ, ಹಳೆಯ ಜಾಡಿಯಲ್ಲಿ.
ಮುಚ್ಚಳಕ್ಕೆ ಇನ್ನೂ ಸುಟ್ಟ ಮೆಣಸಿನಕಾಯಿಯ ವಾಸನೆ.
ಸಕ್ಕರೆಗೆಡ್ಡೆಯ ಹೊಲ ಉಳುವಾಗ ಸಿಕ್ಕಿದ್ದು, ಎನ್ನುತ್ತಾನೆ.
ಮ್ಯೂಸಿಯಮ್ಮಿಗೆ ಕೊಡಬೇಕಾದದ್ದು.
ಅವನಿಗೂ ಗೊತ್ತು, ನನಗೂ ಗೊತ್ತು;
ಗೊತ್ತಿರುವುದರ ಮೇಲೆ ಕಾಫಿ ಲೋಟ ಇಟ್ಟು
ಮಳೆ ಬಿಸಿಲಿನ ಮಾತಾಡುತ್ತೇವೆ.

ತಿಂಗಳುಗಟ್ಟಲೆ ಎಣ್ಣೆಯಲ್ಲಿ ನೆನೆಯಬೇಕು ದೊರೆಗಳು.
ಮೊದಲು ಎದ್ದು ಬರುವುದು ಕಿರೀಟ,
ಸೂರ್ಯನಿಂದ ಕಡ ತಂದ ಮೊನೆಗಳು.
ಆಮೇಲೆ ಗಡ್ಡ. ಎಲ್ಲರಿಗೂ ಒಂದೇ ಗಡ್ಡ,
ಒಂದೇ ಗೂಳಿಕತ್ತು.
ಅಚ್ಚು ಕೊರೆಯುವವನಿಗೆ
ಹೊಸಬನ ಮುಖ ನೋಡಿ ಬರಲು ಪುರುಸೊತ್ತೆಲ್ಲಿ?
ಕುದುರೆಯ ಮೇಲೆ ಬಂದ ಹೆಸರಿನ ಬೆವರಾರುವ ಮೊದಲೇ
ಹಿಂದೆ ಇನ್ನೊಂದು ಕುದುರೆ.

ಬೆನ್ನು ತಿರುಗಿಸಿದರೆ ಒಬ್ಬಳು ಹೆಂಗಸು ನಿಂತಿರುತ್ತಾಳೆ.
ಕೈಯಲ್ಲಿ ಕೊಂಬೆಯಿದ್ದರೆ ಅವಳು ಶಾಂತಿ,
ಎರಡು ಬಾವುಟವಿದ್ದರೆ ಸೈನಿಕರ ನಿಷ್ಠೆ.
ನಿಷ್ಠೆಯೇ ಹೆಚ್ಚು ಜಾಡಿಯಲ್ಲಿ, ಹಿಡಿಹಿಡಿ.
ಪ್ರೋಬಸ್‌ನನ್ನು ಅವನ ದಂಡೇ ಕೊಂದದ್ದು ಇದೇ ಊರಲ್ಲಿ,
ಜೌಗು ಬಸಿಯಿರಿ ಎಂದು ಗುದ್ದಲಿ ಕೊಟ್ಟನಂತೆ.
ನಮ್ಮ ನೆಲಮಾಳಿಗೆಗೆ ಈಗಲೂ ಮಾರ್ಚಿಯಲ್ಲಿ ನೀರು ಬರುತ್ತದೆ.
ಕೊಂದವರು ಅಗೆತ ಮುಗಿಸಿ ಹೋಗಲಿಲ್ಲ.

ಬೆಳ್ಳಿಯಲ್ಲ ಇವು. ಕಲಾಯಿ.
ಒಂದು ಚಳಿಗಾಲ ಜೇಬಲ್ಲಿಟ್ಟು ಉಜ್ಜಿದರೆ
ತಾಮ್ರ ಇಣುಕುತ್ತದೆ, ಸುಳ್ಳು ಹೇಳಿದವನ ಕಿವಿಯ ಹಾಗೆ.

ನನಗಿದು ಹೊಸದಲ್ಲ.
ತೊಂಬತ್ತಮೂರರ ಡಿಸೆಂಬರಿನಲ್ಲಿ
ಐವತ್ತು ಸಾವಿರ ಕೋಟಿ ದಿನಾರಿನ ಒಂದೇ ನೋಟು
ಸಂಬಳವೆಂದು ಕೈಗೆ ಬಂತು.
ನಾನು ಬೀದಿ ದಾಟುವಷ್ಟರಲ್ಲಿ
ಮೊಟ್ಟೆ ಮುಂದೆ ಓಡಿತ್ತು.
ಅಣ್ಣ ವ್ಲಾದೆತಾ ಹಾಸಿಗೆಯಿಂದಲೇ ನಕ್ಕ:
"ಬಂದಳು ನೋಡಿ ಕೋಟ್ಯಧೀಶೆ."
ಇನ್ಸುಲಿನ್ ಯಾವ ಅಂಗಡಿಯಲ್ಲೂ ಇರಲಿಲ್ಲ.
ಇದ್ದಿದ್ದರೂ.

ಕ್ವಿಂಟಿಲ್ಲಸ್, ನಿನ್ನ ಹತ್ತಿರ ಒಂದು ಮಾತು.
ಹದಿನೇಳು ದಿನ ಆಳಿದೆ ಎನ್ನುವವರುಂಟು,
ಎಪ್ಪತ್ತೇಳು ಎನ್ನುವವರೂ ಉಂಟು.
ಎರಡು ಸಾಲು ಏಳಿನ ಲೆಕ್ಕ ನಿನ್ನ ಬಾಳು.
ನನ್ನ ತಟ್ಟೆಯಲ್ಲಿ ಎಲ್ಲರಿಗೂ ಮನೆಯಿದೆ, ನಿನ್ನ ಗೂಡು ಖಾಲಿ.
ಅದರ ತಳಕ್ಕೆ ಆ ನೋಟನ್ನೇ ಮಡಚಿ ಹಾಸಿದ್ದೇನೆ,
ದುಂಡಗೆ ಕತ್ತರಿಸಲು ಮನಸ್ಸಾಗದೆ.

ಈ ಗುರುವಾರ, ಕೊಕ್ಕೆಯ ತುದಿಯಲ್ಲಿ, ನಿನ್ನ ಮೂಗು.
ಉಸಿರು ಹಿಡಿದೆ.
ಆಮೇಲೆ ಅಕ್ಷರಗಳು ಒಂದೊಂದಾಗಿ ಕಣ್ಣು ಬಿಟ್ಟವು:
ದೈವವಾದ ಕ್ಲಾಡಿಯಸ್‌ಗೆ.
ನೀನಲ್ಲ. ನಿನ್ನ ಅಣ್ಣ.
ಪಿಡುಗು ಬಡಿದು ಇದೇ ಊರಲ್ಲಿ ಸತ್ತವನು.
ಹಿಂಬದಿಯಲ್ಲಿ ಒಂದು ಬಲಿಪೀಠ, ಅದರ ಮೇಲೆ ಬೆಂಕಿ,
ಮೂರೇ ಗೀರಿನ ಬೆಂಕಿ.

ನೀನೇ ಹಾಕಿಸಿದ್ದಿರಬೇಕು.
ಪುಸ್ತಕಗಳು ಅಷ್ಟು ಖಾತ್ರಿಯಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ.
ಆರೇಲಿಯನ್‌ನ ದಂಡು ಹೊರಟ ಸುದ್ದಿ ಬಂದಿದೆ,
ದಿನ ಬೆರಳಲ್ಲಿ ಎಣಿಸುವಷ್ಟು,
ಟಂಕಸಾಲೆಯವನು ಕೇಳುತ್ತಾನೆ: ಯಾರ ಮುಖ, ಒಡೆಯ?
ನೀನು ಹೇಳುತ್ತೀಯ: ಅಣ್ಣನದು.

ಅವನನ್ನೇ ನಿನ್ನ ಗೂಡಲ್ಲಿಟ್ಟೆ.
ಸೊನ್ನೆಗಳ ಮೇಲೆ ಸರಿಯಾಗಿ ಕೂರಲಿಲ್ಲ, ಸ್ವಲ್ಪ ವಾಲುತ್ತಾನೆ.

ಬೆಳಗ್ಗೆ ಸ್ತಾನಿಮಿರ್ ಬಂದ. ಎಷ್ಟು ಕೊಡುತ್ತೀಯ, ಎಂದ.
ನಿಮ್ಮ ತಾಯಿಯ ಕೆಳಸಾಲಿನ ಹಲ್ಲು, ಎಂದೆ.
ಬುಧವಾರ ಅವಳು ಬಂದು ಹಾಕಿಕೊಂಡು,
ಎರಡು ಸಲ ಕಟಕಟ ಅನ್ನಿಸಿ ನೋಡಿ,
ಚೀಲದಿಂದ ಸೇಬು ತೆಗೆದಳು.