ಬೇವಿನ ಮರದ ಹತ್ತಿರ

ಹತ್ತೊಂಬತ್ತು ವರ್ಷದ ಮೇಲೆ ಶಿಡ್ಲಘಟ್ಟ.
ಬಸ್ಸಿಳಿದವಳೇ ಮರ ಹುಡುಕಿದೆ.
ದಿಲ್‌ಶಾದ್ ನನ್ನನ್ನು ಹುಡುಕುತ್ತಿದ್ದಳು.
'ಯಾರನ್ನ ನೋಡ್ತಿದೀರ ಮೇಡಂ? ನಾನಿಲ್ಲಿದೀನಿ.'

ಇಲ್ಲೊಂದು ಬೇವಿನ ಮರ ಇತ್ತಲ್ಲ, ಅಂದೆ,
ಅದರಡಿ ಕಡಲೆಕಾಯಿಯವನು,
ಅವನ ತೂತುಬುಟ್ಟಿಯ ತಳಕ್ಕೆ ಸಿನಿಮಾ ಪೋಸ್ಟರು.
'ಯಾವ ಮರ? ಇಲ್ಲಿ ಮರಾನೇ ಇರ್ಲಿಲ್ಲ.
ನಾನು ಹುಟ್ಟಿದ್ದೇ ಈ ಸ್ಟ್ಯಾಂಡಿನ ಹಿಂದೆ.'

ಸುಮ್ಮನಾದೆ. ಆದರೆ
ಆ ಮರದ ಕೆಳಗೇ ಬಂದಿಳಿದೆ ನಾನು,
ರೇಷ್ಮೆ ಇಲಾಖೆಯ ಆರ್ಡರು ಒಂದು ಕೈಲಿ,
ಹಾಸಿಗೆ ಸುರುಳಿ ಇನ್ನೊಂದರಲ್ಲಿ
ಎಂದು ಮಗಳಿಗೆ, ಆಫೀಸಿನವರಿಗೆ,
ಒಮ್ಮೆ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಅಜ್ಜಿಗೂ
ಹೇಳಿದ್ದೆ. ಹೂ ಉದುರುತ್ತಿತ್ತು ಎಂದೂ ಸೇರಿಸಿದ್ದೆ.

ಅವಳು ಮುಂದೆ, ಮಂಡಿನೋವಿಗೆ ಒಂದು ಕಾಲೆಳೆಯುತ್ತ.
ನಾನು ಬಾಡಿಗೆಗಿದ್ದ ಮಹಡಿ ಕೋಣೆ ತೋರಿಸಿದಳು.
ಬಾಗಿಲು ಆಗ ನೀಲಿ, ಅಂದೆ.
'ಹಸಿರು' ಎಂದವಳೇ ಉಗುರಿನಿಂದ ಬಣ್ಣ ಕೆರೆದಳು:
ಕಂದಿನ ಕೆಳಗೆ ಹಸಿರು,
ಆ ಹಸಿರಿನ ಕೆಳಗೆ ಇನ್ನೂ ಹಳೆಯ ಹಸಿರು.
ಒಳಗಿನಿಂದ ಯಾರೋ 'ಯಾರದು?' ಅಂದರು.
ಇಬ್ಬರೂ ಓಡಿದೆವು, ಅವಳ ಮಂಡಿ ಸಮೇತ.

ಗೂಡಿನ ಮಾರುಕಟ್ಟೆಯಲ್ಲಿ ಈಗ ಕೂಗಿಲ್ಲ.
ಹರಾಜು ಫೋನಿಗೆ ಹೋಗಿದೆ. ರೀಲರುಗಳು
ಗೋಡೆಗೊರಗಿ ಹೆಬ್ಬೆರಳಲ್ಲೇ ಬೆಲೆ ಏರಿಸುತ್ತಾರೆ,
ಪಕ್ಕದವನಿಗೆ ಕಾಣದ ಹಾಗೆ ಎದೆಗವಚಿ.
ಅವಳೊಂದು ಲಾಟಿನ ಮುಂದೆ ನಿಂತು
ಗೂಡೊಂದನ್ನು ಎತ್ತಿ ಕಿವಿ ಬಳಿ ಅಲ್ಲಾಡಿಸಿದಳು.
'ಹುಳು ಚೆನ್ನಾಗಿ ಕೂತೈತೆ.'
ರೈತ ನಕ್ಕ. ಕೊಳ್ಳುವವಳಲ್ಲ ಎಂದು
ಹೇಗೋ ಗೊತ್ತಾಗಿತ್ತು ಅವನಿಗೆ.

ಒಂದೇ ತಿರುವಿಗೆ ಮೂರು ಸಲ ಬಂದೆವು.
ಮೂರು ಸಲವೂ ಎಡಕ್ಕೆ ಹೊರಳಿದಳು.
ಬಲಕ್ಕೆ ಹೋದರೆ ಅವಳ ಮನೆ, ಮನೆ ಹಿಂದೆ ಬಾಯ್ಲರು,
ಸಾಲಾಗಿ ಆರು ರಾಟೆ.
ಕಣ್ಣು ಕಟ್ಟಿ ಬಿಟ್ಟರೂ ತಲುಪುತ್ತಿದ್ದೆ ಆಗ
ಬೇಯುವ ಹುಳುವಿನ ವಾಸನೆ ಹಿಡಿದು.
ಮೊದಲ ವಾರ ಅದು ನನ್ನ ಊಟ ಕಿತ್ತುಕೊಂಡಿತ್ತು;
ಆಮೇಲೆ, ರಜೆಗೆ ಊರಿಗೆ ಹೋದರೆ,
ಅದಿಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ.
ಇವತ್ತು ಆ ತಿರುವಿನ ಗಾಳಿ ಬರೀ ಗಾಳಿ.
ನಾನು ಕೇಳಲಿಲ್ಲ. ಮೂರನೆಯ ಸಲ ಅವಳೇ,
'ಈಗ ಅಲ್ಲಿ ನೀರಿನ ಕ್ಯಾನು ಇಡ್ತಾರೆ. ಬಾಡಿಗೆ ಬರ್ತದೆ.'
ಬಿಸಿನೀರಲ್ಲಿ ನೆಂದು ಬಿಳಿಚಿ
ಉಂಗುರವನ್ನೇ ನಿಲ್ಲಗೊಡದಿದ್ದ ಬೆರಳು—
ಈಗ ಎರಡು ಉಂಗುರ, ಒಂದು ಹರಳಿನದು.

ಕೆರೆ ತೋರಿಸಿದಳು. ನಾನಿದ್ದಾಗ
ಅದರ ನಡುವೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು.
ಈಗ ಏರಿಯವರೆಗೆ ನೀರು.
'ಬೆಂಗಳೂರವರು ಸ್ನಾನ ಮಾಡಿ ಬಿಟ್ಟಿದ್ದು.
ಕೊಳೆ ತೊಳೆದ ನೀರನ್ನ ತೊಳೆದು ಕಳಿಸ್ತಾರಂತೆ.
ಕೊಕ್ಕರೆಗೇನು ಗೊತ್ತು?'
ಕೊಕ್ಕರೆ ಒಂದು ಕಾಲೆತ್ತಿ,
ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನಿಂತಿತ್ತು.

ಟೀ ಅಂಗಡಿಯಲ್ಲಿ ಬನ್ನು ಮುರಿಯುತ್ತ ಅಂದಳು:
'ನಿಮ್ಮ ಮರ ಚಿಂತಾಮಣೀದಿರಬೇಕು ಮೇಡಂ.
ಅದೂ ಹುಣಸೆ.'
ನಾನು ಜಗಳಕ್ಕೆ ಬಿದ್ದೆ. ಟೀ ಅಂಗಡಿಯವನನ್ನು
ಸಾಕ್ಷಿಗೆ ಕರೆದೆ. ಅವನು ಬಂದು ನಾಲ್ಕೇ ವರ್ಷವಂತೆ,
ಆದರೂ ಇರಲಿಲ್ಲ ಎಂದೇ ಆಣೆಯಿಟ್ಟ.

ಕತ್ತಲಾಯಿತು. ಬಸ್ಸು ಗುರುಗುಟ್ಟುತ್ತಿತ್ತು.
ಅವಳ ಮಗ ಸ್ಕೂಟರಲ್ಲಿ ಬರಬೇಕು.
ನನ್ನ ಕಿಟಕಿಯ ಕೆಳಗೆ ನಿಂತು
ಫೋನು ಕಿವಿಗೊತ್ತಿ ಹೇಳುತ್ತಿದ್ದಳು:
'ಸ್ಟ್ಯಾಂಡ್ ಮೇ ಹೂಂ. ನೀಮ್ ಕೆ ಝಾಡ್ ಕನೆ.'

ಆ ಕಡೆ ಮೌನ. ಆಮೇಲೆ ಏನೋ ಕೇಳಿದ,
ಯಾವ ಬೇವಿನ ಮರ ಅಂತಲೇ ಇರಬೇಕು.
ನನ್ನ ಕಡೆ ನೋಡಲಿಲ್ಲ ಅವಳು.
'ಹೈ ರೇ. ತೂ ಆ'
ಎಂದು ಫೋನು ಸೊಂಟಕ್ಕೆ ಸಿಕ್ಕಿಸಿ,
ಬರೀ ಸಿಮೆಂಟಿನ ಮೇಲೆ
ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು,
ಬೊಡ್ಡೆಗೆ ಜಾಗ ಬಿಟ್ಟು.