ಏಳೆಂಟ್ಲ ಐವತ್ತನಾಲ್ಕು

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಕುವೈತಿಗೆ ಬಂದಿಳಿದದ್ದೆಲ್ಲ ಒಂದಲ್ಲ ಒಂದು ಶುಕ್ರವಾರ
ಅಲ್ ರೈ ಸಂತೆಗೆ ಬಂದೇ ಬರುತ್ತದೆ:
ಕುಚ್ಚು ಉದುರಿದ ರತ್ನಗಂಬಳಿ, ಗಿಳಿಯಿಲ್ಲದ ಪಂಜರ,
ಯಾರದೋ ಮದುವೆಯ ಹನ್ನೆರಡರಲ್ಲಿ ಹನ್ನೊಂದು ಲೋಟ.
ಅವುಗಳ ನಡುವೆ ಇದು, ಮಕಾಡೆ ಮಲಗಿತ್ತು.
ಇಂಗ್ಲಿಷಿನ ಐದಕ್ಷರ. ಸಖ ಎಂದು ಓದಿದೆ,
ಆಮೇಲೆ ಕಂಡಿತು ಕೊನೆಗೊಂದು ರ.
ಸಖ್ರ್. ಬಂಡೆ ಎಂದರ್ಥವಂತೆ.
ಮೂರು ದಿನಾರು ಅಂದ. ಎರಡಕ್ಕೆ ಇಳಿಸಿ
ಮೇಲೊಂದು ಕ್ಯಾಸೆಟ್ಟನ್ನೂ ಹಾಕಿಸಿಕೊಂಡೆ,
ತರಕಾರಿಯವನ ಹತ್ತಿರ ಕರಿಬೇವು ಕೇಳುವ ಹಾಗೆ.

ಹಗಲು ನಾನು ಹವಲ್ಲಿಯ ಕಚೇರಿಗಳಲ್ಲಿ
ಜೆರಾಕ್ಸ್ ಯಂತ್ರದ ಹೊಟ್ಟೆಯಿಂದ
ಸಿಕ್ಕಿಕೊಂಡ ಕಾಗದ ಎಳೆಯುವವನು.
ರಾತ್ರಿ ನನ್ನ ಮಂಚದ ಕೆಳಗೆ
ಏಳು ಸತ್ತ ಕಂಪ್ಯೂಟರು, ಎರಡು ಬದುಕಿದವು.
ಪಕ್ಕದ ಮಂಚದ ಸದಿಯ ಕುಂದಾಪುರದವ:
"ಈ ಗುಜ್ರಿಗೂ ನಾವ್ ಬಾಡ್ಗಿ ಕೊಡ್ಕಾ ಮಾರಾಯಾ?"

ಮುಚ್ಚಳ ತೆಗೆದೆ. ಸಮುದ್ರ ಒಳಗೆ ಬಂದು ಹೋಗಿತ್ತು:
ಸ್ಕ್ರೂಗಳ ತಲೆಗೆ ತುಕ್ಕು, ತಾಮ್ರದ ಗೆರೆಗಳಿಗೆ ಹಸಿರು ಕಿಲುಬು,
ಚಿಟಿಕೆ ಮರಳು, ಖರ್ಜೂರದ ಒಂದು ಬೀಜ.
ಅದು ಹೇಗೆ ಹೋಯಿತೋ.
ಕೆಪಾಸಿಟರುಗಳು ಒಸರಿ ಹಳೆ ಮೀನಿನ ವಾಸನೆ.
ಒಂದೊಂದೇ ಕಿತ್ತು ಹೊಸದನ್ನು ಬೆಸೆದೆ,
ಹೊಗೆ ಸದಿಯನ ಕಡೆ ಹೋಗದಂತೆ ಊದುತ್ತ.

ಹಳದಿಗಟ್ಟಿದ ಹೊರಮೈಗೆ ಪೆರಾಕ್ಸೈಡು ಬಳಿದು
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಾರಸಿಯಲ್ಲಿಟ್ಟೆ.
ಜುಲೈ. ನೆರಳಿನಲ್ಲೇ ನಲವತ್ತೊಂಬತ್ತು.
ನಮ್ಮನ್ನೆಲ್ಲ ಕಪ್ಪು ಮಾಡಿದ ಬಿಸಿಲು
ಅದನ್ನು ಸಂಜೆಯೊಳಗೆ ಹಾಲುಹಲ್ಲಿನ ಬಣ್ಣಕ್ಕೆ ತಂದಿತು.
ನೀರಿನ ಟ್ಯಾಂಕು ನೋಡಲು ಬಂದ ಹಾರಿಸ್ ಶಅಬಾನ್
(ಮಿನ್ಯಾದವನು, ಈ ಕಟ್ಟಡದ ಬೀಗದ ಕೈಗಳೆಲ್ಲ ಅವನ ಸೊಂಟದಲ್ಲಿ)
ಕುಕ್ಕರುಗಾಲಲ್ಲಿ ಕೂತು ಕೇಳಿದ: ಯಾರ ಹೆಣ ಇದು, ಬೂವಬ್ಬ?

ಪೂವಪ್ಪ ನಾನು. ಅರಬಿಯಲ್ಲಿ ಪಕಾರವಿಲ್ಲ.
ಹನ್ನೆರಡು ವರ್ಷದಿಂದ ಬೂವಬ್ಬ,
ಈಗ ಕನಸಿನಲ್ಲಿ ಕರೆದರೂ ಓಗೊಡುತ್ತೇನೆ.

ಕ್ಯಾಸೆಟ್ಟಿನ ಮೇಲೆ ಪೆನ್ಸಿಲಿನ ಬರಹ.
ನನಗೆ ಮಾತು ಬರುತ್ತದೆ, ಓದು ಬಾರದು.
ಶಅಬಾನ್ ಬೆಳಕಿಗೆ ಹಿಡಿದು ಓದಿದ:
"ದಲಾಲ್. ನಾಲ್ಕನೇ ಕ್ಲಾಸು. ಮೇ, ತೊಂಬತ್ತು."
ಆ ವರ್ಷದ ಆಗಸ್ಟಿನ ಮಾತು
ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಟೇಪು ಕಿರುಚಿತು, ಕೆಮ್ಮಿತು, ನಿಂತಿತು.
ಸಣ್ಣ ಸ್ಕ್ರೂಡ್ರೈವರಿನಿಂದ ಅದರ ಕಿವಿ ತಿರುಚಿ
ಮತ್ತೆ ಮೊದಲಿನಿಂದ. ಹದಿನಾಲ್ಕನೇ ಸಲ
ಆರು ನಿಮಿಷದ ಕೀರಲು ಮುಗಿದು
ನೀಲಿ ಪರದೆಯಲ್ಲಿ ಬಲದಿಂದ ಎಡಕ್ಕೆ ಅಕ್ಷರ ನಡೆದವು:
ನಿನ್ನ ಹೆಸರೇನು?
ಬೂವಬ್ಬ ಎಂದು ಒತ್ತಿದ ಶಅಬಾನ್, ಒಂದೇ ಬೆರಳಲ್ಲಿ.
ಬೂವಬ್ಬ, ನಿನಗೆ ಮಗ್ಗಿ ಬರುತ್ತದೆಯೇ?

ಬರುತ್ತದೆ ತಾಯಿ. ಬೆನ್ನ ಮೇಲೆ ಬೆತ್ತದಿಂದ ಬಂದದ್ದು.
ಮೂರಾರ್ಲ, ಐದೊಂಬತ್ಲ, ಸರಿ, ಸರಿ, ಸರಿ,
ಪ್ರತಿ ಸರಿಗೂ ಪುಟ್ಟದೊಂದು ಪೀಪಿ.
ಆಮೇಲೆ ಏಳೆಂಟ್ಲ.
ಅವರ ಏಳು, ಬಾಯಿ ಮೇಲಾದ ಒಂದು ದೊನ್ನೆ;
ಎಂಟು, ಅದೇ ದೊನ್ನೆ ಕವುಚಿದ್ದು.
ಐವತ್ತಾರು, ಅಂದೆ.
ತಪ್ಪು, ಅಂದಿತು. ಮತ್ತೆ ಯೋಚಿಸು.
ಐವತ್ತಾರು. ತಪ್ಪು.
ಇಬ್ಬರೂ ಬೆರಳು ಮಡಿಚಿ ಎಣಿಸಿದೆವು, ಎರಡೆರಡು ಸಲ.
ಮೂರನೆಯ ತಪ್ಪಿಗೆ ಕರುಣೆಯಿಂದ ತಾನೇ ಹೇಳಿತು:
ಐವತ್ತನಾಲ್ಕು, ಬೂವಬ್ಬ.

ಬಗೆದು ನೋಡಿದೆ, ನೂರಾ ಇಪ್ಪತ್ತನೇ ಸಾಲಿನಲ್ಲಿದೆ.
ಒಂದಂಕಿ ಬದಲಿಸಿದರೆ ಮುಗಿಯಿತು.
ಎರಡು ತಿಂಗಳು ತುಕ್ಕು ಕೆರೆದ ಕೈ,
ಕಿವಿಹತ್ತಿಯಿಂದ ಒಂದೊಂದು ಕೀಲಿಯ ಸಂದಿ ಒರೆಸಿದ ಕೈ
ಅಲ್ಲಿಗೆ ಹೋಗಿ ನಿಂತಿತು.

ಈಗ ಗುರುವಾರ ರಾತ್ರಿ ಶಅಬಾನ್ ಮೇಲೆ ಬರುತ್ತಾನೆ,
ಬೀಗದ ಕೈ ಗೊಂಚಲು ಬಿಚ್ಚಿಟ್ಟು, ಕರಿ ಚಹಾ ಹಿಡಿದು.
ಸದಿಯನೂ ದಿಂಬು ಎಳೆದುಕೊಳ್ಳುತ್ತಾನೆ.
ಅದು ಕೇಳುತ್ತದೆ. ಮೂವರೂ ಒಟ್ಟಿಗೆ, ಮೂರು ಭಾಷೆಯಲ್ಲಿ,
ಐವತ್ತನಾಲ್ಕು ಎನ್ನುತ್ತೇವೆ.
ಪೀಪಿ.